ಚಹದ ಅಂಗಡಿಯೂ ಒಂದು ಸಂಕಲನ

ಸಂಕಲನಕಾರನನ್ನು ಕವಿಗಳ ಪಂಕ್ತಿಯಲ್ಲಿ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ. ಪರರ ತೋಟದ ಹೂಗಳನ್ನು ತಂದು ತನ್ನ ದಾರದಲ್ಲಿ ಪೋಣಿಸುವವನು, ಅಷ್ಟೆ, ಎಂಬುದು ಅವನ ವಿಷಯದಲ್ಲಿ ರೂಢಿಯಾದ ಭಾವನೆ. ಆದರೆ ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ವಿನೋದಕ್ಕಾಗಿ 'ಸೂಕ್ತಿಸುಧಾರ್ಣವ'ವನ್ನು ಕಟ್ಟಿಕೊಟ್ಟಾಗ, ಯಾವ ಪದ್ಯ ಒಳಗೆ, ಯಾವುದು ಹೊರಗೆ ಎಂಬ ತೀರ್ಪನ್ನು ಎಷ್ಟು ಸಲ ಕೊಡಬೇಕಾಗಿ ಬಂದಿತೋ! ಅವನು ಕವಿಗಳ ಕೀರ್ತಿಯನ್ನು ಅಳೆದು ಅದರ ಕ್ರಮದಲ್ಲಿ ಪದ್ಯಗಳನ್ನು ಜೋಡಿಸಲಿಲ್ಲ. ಸಮುದ್ರ, ಪರ್ವತ, ಋತು, ಚಂದ್ರೋದಯ ಎಂದು ವರ್ಣನೆಗಳ ಕ್ರಮದಲ್ಲಿ ಜೋಡಿಸಿದನು. ಓದುವವನಿಗೆ ಇದರಿಂದ ಒಂದು ಲಾಭವಿದೆ. ದೊಡ್ಡ ಹೆಸರಿನವನ ಪದ್ಯವೂ ಸಣ್ಣ ಹೆಸರಿನವನ ಪದ್ಯವೂ ಅಕ್ಕಪಕ್ಕ ಕುಳಿತಾಗ, ಹೆಸರು ಹಿಂದೆ ಸರಿದು ಪದ್ಯ ಮುಂದೆ ಬರುತ್ತದೆ. ಆಯ್ಕೆಯೆಂಬುದು ವಿಮರ್ಶೆಯ ಮೊದಲ ರೂಪವೆಂದು ನಾನು ನಂಬಿರುವವನು. ಅಂಗಡಿಯ ಹಲಗೆಯ ಮೇಲೆ ಡಬ್ಬಿಗಳನ್ನು ಜೋಡಿಸುವವನಿಗೂ ಇದೇ ಮಾತು ಸಲ್ಲುತ್ತದೆಂದು ಈಚೆಗೆ ನನಗೆ ದೃಢವಾಗಿದೆ.

ಇದಕ್ಕೆ ನಿಮಿತ್ತ ಒಂದು ಕಾಗದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಲವು ವರ್ಷಗಳಿಂದ ಸಿಂಗಪುರದಲ್ಲಿದ್ದಾನೆ. ಫುಜಿಯೆನ್ ಪ್ರಾಂತ್ಯದ ಮೂಲದ ಮನೆತನವೊಂದರ ಜೊತೆ ಪಾಲುಗೂಡಿ ಚೀನೀ ಚಹದ ಸಣ್ಣದೊಂದು ಅಂಗಡಿಯನ್ನು ತೆರೆಯಲು ಹೊರಟಿದ್ದಾನೆ. ಊರಿಗೆ ಬಂದಾಗಲೆಲ್ಲ ನನಗೆ ನಾಲ್ಕಾರು ಪೊಟ್ಟಣ ತಂದುಕೊಡುತ್ತಾನೆ. ಕಾಫಿಯ ಸೀಮೆಯಲ್ಲಿ ಹುಟ್ಟಿದ ನನಗೆ ಈ ಎಲೆಗಳ ರುಚಿ ಹತ್ತಿಸಿದವನು ಅವನೇ. "ಮೇಷ್ಟ್ರೇ, ಅರವತ್ತನಾಲ್ಕು ಬಗೆ ಇಡಬೇಕೆಂದಿದ್ದೇನೆ, ಪಟ್ಟಿ ನೋಡಿ ಹೇಳಿ" ಎಂದು ಬರೆದಿದ್ದನು. ಅರವತ್ತನಾಲ್ಕು ವಿದ್ಯೆಗಳ ಲೆಕ್ಕ ತರಗತಿಯಿಂದ ಅವನ ತಲೆಗೆ ಹೋದುದಿದ್ದರೆ ಅದಕ್ಕೆ ಹೊಣೆ ನಾನೇ ಇರಬೇಕು. ಪಟ್ಟಿಯನ್ನು ಓದಿದೆ. ಹದಿನಾಲ್ಕು ಸಾಕೆಂದು ಉತ್ತರ ಬರೆದೆ. ಅದರ ಕಾರಣಗಳು ಅವನೊಬ್ಬನಿಗೇ ಸೇರಿದವಲ್ಲವಾದುದರಿಂದ ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಚೀನೀ ಚಹದ ವಿಷಯ ಬಂದ ಕೂಡಲೆ ಎಲ್ಲರೂ 'ಹತ್ತು ಪ್ರಸಿದ್ಧ ಚಹಗಳು' ಎಂಬ ಪಟ್ಟಿಯನ್ನು ಹಿಡಿಯುತ್ತಾರೆ. ಈ ಪಟ್ಟಿ ಒಂದಲ್ಲ, ಹಲವು; ಒಂದರಲ್ಲಿದ್ದ ಹೆಸರು ಇನ್ನೊಂದರಲ್ಲಿಲ್ಲ. ಆದರೂ ಹೆಚ್ಚಾಗಿ ಕಾಣಸಿಗುವ ಪಟ್ಟಿಯನ್ನು ತೆಗೆದುಕೊಳ್ಳೋಣ. ಲೋಂಗ್‌ಜಿಂಗ್, ಬಿಲುವೊಚುನ್, ಹ್ವಾಂಗ್‌ಷಾನ್ ಮಾವ್‌ಫೆಂಗ್, ಲು-ಆನ್ ಗ್ವಾಪಿಯೆನ್, ಶಿನ್‌ಯಾಂಗ್ ಮಾವ್‌ಜಿಯೆನ್, ದುಯುನ್ ಮಾವ್‌ಜಿಯೆನ್: ಈ ಆರೂ ಹಸಿರು ಚಹಗಳು. ಉಳಿದ ನಾಲ್ಕರಲ್ಲಿ ಹಳದಿ ಒಂದು, ಊಲೋಂಗ್ ಎರಡು, ಕೆಂಪು ಒಂದು. ಬಿಳಿಯ ಚಹ ಇಲ್ಲ, ಕಪ್ಪು ಚಹ ಇಲ್ಲ. ಕನ್ನಡ ಕಾವ್ಯದ ಸಂಕಲನವೆಂದು ಹೇಳಿ ಒಂದೇ ಆಸ್ಥಾನದ ಆರು ಚಂಪೂಗಳನ್ನು ಸೇರಿಸಿ, ವಚನವನ್ನೂ ಕೀರ್ತನೆಯನ್ನೂ ಮರೆತಂತೆ ಇದು. ಕೀರ್ತಿಯ ಪಟ್ಟಿ ಕೀರ್ತಿಗೆ ಸಾಕ್ಷಿಯೇ ಹೊರತು ವೈವಿಧ್ಯಕ್ಕಲ್ಲ.

ಹಾಗಾದರೆ ಯಾವ ಕ್ರಮವನ್ನು ಹಿಡಿಯಬೇಕು? ಹದದ ಕ್ರಮವನ್ನು. ಚಹದ ಗಿಡ ಒಂದೇ. ಸಣ್ಣೆಲೆಯದು, ದೊಡ್ಡೆಲೆಯದು ಎಂದು ಅದರಲ್ಲಿ ಎರಡು ಮುಖ್ಯ ಭೇದಗಳಿವೆ. ಯುನ್ನಾನಿನ ದೊಡ್ಡೆಲೆಯೂ ನಮ್ಮ ಅಸ್ಸಾಮಿನ ಎಲೆಯೂ ಒಂದೇ ಬಳಗದವು. ಹಸಿರು, ಬಿಳಿ, ಹಳದಿ, ಊಲೋಂಗ್, ಕೆಂಪು, ಕಪ್ಪು ಎಂಬ ಆರು ಜಾತಿಗಳು ಗಿಡದಿಂದ ಹುಟ್ಟಿದವಲ್ಲ, ಕೊಯ್ದ ಮೇಲೆ ಮನುಷ್ಯನ ಕೈ ಮಾಡುವ ಕೆಲಸದಿಂದ ಹುಟ್ಟಿದವು. ಈ ಆರರ ವಿಂಗಡಣೆಯನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದವನು ಅನ್‌ಹ್ವೇ ಪ್ರಾಂತ್ಯದ ಕೃಷಿ ವಿದ್ವಾಂಸ ಚೆನ್ ಚ್ವಾನ್, 1979ರಲ್ಲಿ. ಕೊಯ್ದ ಎಲೆ ಸುಮ್ಮನೆ ಬಿಟ್ಟರೆ ತನ್ನೊಳಗಿನ ಕಿಣ್ವಗಳಿಂದಲೇ, ಕತ್ತರಿಸಿಟ್ಟ ಬದನೆಯಂತೆ, ಕಂದಿ ಕೆಂಪಾಗುತ್ತದೆ. ಬಿಸಿ ಬಾಣಲೆಯಲ್ಲಿ ಹುರಿದು ಆ ಕೆಲಸವನ್ನು ಕೂಡಲೆ ನಿಲ್ಲಿಸಿದರೆ ಹಸಿರು ಚಹ. ತಡೆಯದೆ ಪೂರ್ತಿ ನಡೆಯಲು ಬಿಟ್ಟರೆ ಕೆಂಪು. ನಡುದಾರಿಯಲ್ಲಿ ಎಲೆಯನ್ನು ಕುಲುಕಿ, ಆರಿಸಿ, ಮತ್ತೆ ಕುಲುಕಿ ಬೇಕಾದ ಹಂತದಲ್ಲಿ ತಡೆದರೆ ಊಲೋಂಗ್. ಹುರಿದು ನಿಲ್ಲಿಸುವ ಕ್ರಿಯೆಯ ಚೀನೀ ಹೆಸರು 'ಶಾಚಿಂಗ್', ಎಂದರೆ ಹಸಿರನ್ನು ಕೊಲ್ಲುವುದು. ಹಸಿರನ್ನು ಉಳಿಸುವ ಕ್ರಿಯೆಗೆ ಕೊಲ್ಲುವುದೆಂಬ ಹೆಸರು! ಅಲಂಕಾರಶಾಸ್ತ್ರದ ಪಾಠದಲ್ಲಿ ವಿರೋಧಾಭಾಸಕ್ಕೆ ಹೊಸ ಉದಾಹರಣೆ ಬೇಕಾದ ಅಧ್ಯಾಪಕರು ಇದನ್ನು ಉಪಯೋಗಿಸಿಕೊಳ್ಳಬಹುದು.

ಇಲ್ಲಿ ಬಣ್ಣದ ಹೆಸರುಗಳ ಗೊಂದಲವೊಂದಿದೆ. ಅದನ್ನು ಅಂಗಡಿಯ ಚೀಟಿಯ ಮೇಲೆಯೇ ಬಿಡಿಸಬೇಕು. ಇಂಗ್ಲಿಷರು ಎಲೆಯ ಬಣ್ಣವನ್ನು ನೋಡಿ ಕರಿಯದೆಂದು ಕರೆದುದನ್ನು ಚೀನೀಯರು ಬಟ್ಟಲಿನ ಬಣ್ಣವನ್ನು ನೋಡಿ ಕೆಂಪೆಂದರು. ಚೀನೀಯರು ಕರಿಯದೆನ್ನುವುದು ಬೇರೆಯೇ ವಸ್ತು; ಅದು ತೇವದಲ್ಲಿ ಹುದುಗಿ ಮಾಗುವಂಥದು. ಇನ್ನು ಆನ್‌ಜಿ ಎಂಬ ಊರಿನ 'ಬಿಳಿಯ ಚಹ'ವಿದೆಯಲ್ಲ, ಅದು ಬಿಳಿಯ ಚಹವೇ ಅಲ್ಲ. ಆ ಗಿಡದ ವಸಂತದ ಚಿಗುರು ಬಿಳಿಚಿಕೊಂಡಿರುವುದರಿಂದ ಆ ಹೆಸರು. ಹದದಿಂದ ಅದು ಶುದ್ಧ ಹಸಿರು ಚಹ. ವಿದ್ಯಾರ್ಥಿಯ ಪಟ್ಟಿಯಲ್ಲಿ ಅದು ಬಿಳಿಯ ಚಹಗಳ ಗುಂಪಿನಲ್ಲಿ ಕುಳಿತಿತ್ತು. ಹೆಸರನ್ನು ನಂಬಿ ಗುಂಪು ಮಾಡುವವನಿಗೆ ಇಂಥದು ತಪ್ಪಿದ್ದಲ್ಲ. ನಾವೇ 'ಟೀ' ಎಂದೂ 'ಚಹಾ' ಎಂದೂ ಎರಡು ಮಾತು ಇಟ್ಟುಕೊಂಡಿದ್ದೇವೆ. ಫುಜಿಯೆನ್ ಕರಾವಳಿಯ ನುಡಿಯ 'ತೆ' ಎಂಬುದು ಡಚ್ಚರ ಹಡಗೇರಿ ಯುರೋಪಿಗೆ ಹೋಗಿ ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದಿತು. ಉತ್ತರ ಕರ್ನಾಟಕದವರ 'ಚಹಾ'ದ ಬೇರು ಚೀನದ ಉಳಿದ ಭಾಗಗಳ 'ಚಾ'ದಲ್ಲಿದೆ. ಬರೆಯುವ ಅಕ್ಷರ ಎರಡಕ್ಕೂ ಒಂದೇ.

ಹಸಿರು ಚಹದ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಂಗಡಿ ಮುಳುಗುವುದು ಹೆಚ್ಚಾಗಿ ಇಲ್ಲಿಯೇ. ಹಸಿರು ಚಹ ವಸಂತದ ಸರಕು. ಏಪ್ರಿಲ್ 4 ಅಥವಾ 5ರಂದು ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಮೊದಲು ಕೊಯ್ದ ಕುಡಿಗೆ ಹೆಚ್ಚು ಬೆಲೆ. ಆಮೇಲೆ ದಿನದಿನಕ್ಕೂ ಬೆಲೆ ಇಳಿಯುತ್ತದೆ. ಒಂದು ಕಿಲೋಗ್ರಾಂ ಒಳ್ಳೆಯ ಎಲೆಗೆ ಹತ್ತಾರು ಸಾವಿರ ಕುಡಿಗಳನ್ನು ಬೆರಳಿನಿಂದ ಒಂದೊಂದಾಗಿ ಕೀಳಬೇಕು. ಇಷ್ಟು ಶ್ರಮದಿಂದ ಬಂದ ಎಲೆ ವರ್ಷ ತಿರುಗುವುದರೊಳಗೆ ತನ್ನ ಪರಿಮಳವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಬೆಳಕು, ಗಾಳಿ, ಶಾಖ, ತೇವ ನಾಲ್ಕೂ ಅದಕ್ಕೆ ಶತ್ರುಗಳು. ಸಿಂಗಪುರದ ಹವೆಯಲ್ಲಿ ಈ ನಾಲ್ಕಕ್ಕೂ ಕೊರತೆಯಿಲ್ಲ. ಆರು ಪ್ರಸಿದ್ಧ ಹಸಿರು ಚಹಗಳನ್ನಿಟ್ಟ ಸಣ್ಣ ಅಂಗಡಿಯಲ್ಲಿ ಎರಡು ಮಾರಾಟವಾಗಿ ನಾಲ್ಕು ಉಳಿಯುತ್ತವೆ. ಉಳಿದುದನ್ನು ಎಸೆಯುವ ಧೈರ್ಯ ಎಷ್ಟು ವರ್ತಕರಿಗೆ ಇದ್ದೀತು? ಮುಂದಿನ ಮಾಗಿಯಲ್ಲಿ ಅದನ್ನು ಕೊಂಡ ಗಿರಾಕಿ, 'ಹಸಿರು ಚಹವೆಂದರೆ ಒಣಹುಲ್ಲಿನ ಕಷಾಯ' ಎಂದು ತೀರ್ಮಾನಿಸಿ ಜೀವಮಾನವಿಡೀ ಅದರ ಕಡೆ ತಿರುಗಿ ನೋಡುವುದಿಲ್ಲ. ನಷ್ಟ ಆ ಅಂಗಡಿಯೊಂದರದೇ ಅಲ್ಲ. ಎಲ್ಲೋ ಗುಡ್ಡದ ಮೇಲೆ ಕುಡಿ ಕಿತ್ತವಳಿಗೂ ಬಾಣಲೆಯ ಮುಂದೆ ಕೈ ಸುಟ್ಟುಕೊಂಡವನಿಗೂ ಒಬ್ಬ ಗಿರಾಕಿ ಕಡಮೆಯಾದನು.

ಆದುದರಿಂದ ಹಸಿರು ಎರಡೇ ಇರಲಿ, ಆ ಎರಡು ಒಂದನ್ನೊಂದು ಹೋಲದಿರಲಿ ಎಂದೆ. ಒಂದು ಲೋಂಗ್‌ಜಿಂಗ್, ಬಾಣಲೆಯಲ್ಲಿ ಅಂಗೈಯಿಂದ ಒತ್ತಿ ಒತ್ತಿ ಚಪ್ಪಟೆಯಾಗಿಸಿದ ಕುಡಿ, ಹುರಿದ ಕಾಳಿನ ಸವಿ. ಇನ್ನೊಂದು ಅನ್‌ಹ್ವೇಯ ಗ್ವಾಪಿಯೆನ್. ಇದರಲ್ಲಿ ಕುಡಿಯೂ ಇಲ್ಲ, ದೇಟೂ ಇಲ್ಲ, ಬಲಿತ ಎಲೆ ಮಾತ್ರ. ಕೊನೆಯ ಹಂತದಲ್ಲಿ ಎಲೆ ತುಂಬಿದ ದೊಡ್ಡ ಬುಟ್ಟಿಯನ್ನು ಇಬ್ಬರು ಹಿಡಿದು ನಿಗಿನಿಗಿ ಕೆಂಡದ ಮೇಲೆ ಕ್ಷಣಹೊತ್ತು ಇಟ್ಟು, ಎತ್ತಿಕೊಂಡು ಹೋಗಿ, ಎಲೆಯನ್ನು ಮಗುಚಿ, ಮತ್ತೆ ತಂದಿಡುತ್ತಾರೆ. ಹೀಗೆ ಅದೆಷ್ಟೋ ಸಲ. ಕುಡಿಯೇ ಉತ್ತಮ, ಎಲೆ ಅಧಮ ಎಂಬ ವರ್ತಕರ ಸೂತ್ರವನ್ನು ಮುರಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಲೋಂಗ್‌ಜಿಂಗ್ ಎಂದಾಗ ಯಾವ ಲೋಂಗ್‌ಜಿಂಗ್ ಎಂಬ ಪ್ರಶ್ನೆ ಏಳುತ್ತದೆ. ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಸುತ್ತಲಿನ ಗುಡ್ಡಗಳದು ಮೂಲ. ಆದರೆ ಚೀನದ ನಿಯಮದ ಪ್ರಕಾರ ಆ ಹೆಸರಿಗೆ ಪಶ್ಚಿಮ ಸರೋವರ, ಚಿಯೆನ್‌ತಾಂಗ್, ಯುಯೆಝೌ ಎಂಬ ಮೂರು ಸೀಮೆಗಳಿಗೆ ಹಕ್ಕಿದೆ. ಮೂರೂ ಝೆಜಿಯಾಂಗ್ ಪ್ರಾಂತ್ಯದವು. ಇವುಗಳಾಚೆ ಬೇರೆ ಪ್ರಾಂತ್ಯಗಳಲ್ಲಿ ಚಪ್ಪಟೆಯಾಗಿ ಒತ್ತಿದ ಎಲೆಯೂ ಅದೇ ಹೆಸರು ಹೊತ್ತು ಪೇಟೆಗೆ ಬರುತ್ತದೆ. ಸರೋವರದ ಹೆಸರಿನ ಡಬ್ಬಿಗೆ ಸರೋವರದ ಬೆಲೆ ತೆತ್ತು ಎಲ್ಲಿಯದೋ ಎಲೆಯನ್ನು ಕುಡಿಯುವುದಕ್ಕಿಂತ, ಯುಯೆಝೌ ಸೀಮೆಯ ಶಿನ್‌ಚಾಂಗ್‌ನ ಎಲೆಯನ್ನು ಆ ಊರಿನ ಹೆಸರಿನಲ್ಲೇ, ಚಿಂಗ್‌ಮಿಂಗ್ ಕಳೆದು ಏಪ್ರಿಲ್ ಇಪ್ಪತ್ತರ ಆಸುಪಾಸಿನ ಗುಯು ಪರ್ವದೊಳಗೆ ಕೊಯ್ದುದನ್ನು ತರುವುದು ಮೇಲು. ಬೆಲೆ ಬಹಳ ಇಳಿದಿರುತ್ತದೆ, ರುಚಿಯಲ್ಲಿ ಮೈ ತುಂಬಿರುತ್ತದೆ. ಹಬ್ಬಕ್ಕೆ ಮೊದಲಿನ ಕುಡಿಯ ಕೋಮಲತೆ ಬೇಕೆನ್ನುವ ಗಿರಾಕಿ ಬಂದರೆ ಅವನಿಗಾಗಿ ಬೇರೆಯಾಗಿ ತರಿಸಿಕೊಡಬಹುದು, ದಾಸ್ತಾನು ಮಾಡಬೇಕಾದುದಿಲ್ಲ.

ಹೆಸರಿನ ಕಥೆ ಇನ್ನೂ ಸೊಗಸಾಗಿ ತೋರುವುದು ವೂಯಿ ಪರ್ವತದ ದಾ ಹೋಂಗ್ ಪಾವ್‌ನಲ್ಲಿ. 'ದೊಡ್ಡ ಕೆಂಪು ನಿಲುವಂಗಿ' ಎಂಬ ಈ ಊಲೋಂಗಿನ ಮೂಲ ಗಿಡಗಳು ಬಂಡೆಯ ಸಂದಿನಲ್ಲಿ ಆರು ಇವೆ. 2006ರಿಂದ ಅವುಗಳ ಎಲೆಯನ್ನು ಕೊಯ್ಯುವುದನ್ನೇ ನಿಲ್ಲಿಸಿದ್ದಾರೆ. ಹಾಗಿದ್ದೂ ಲೋಕದ ಯಾವ ಚೀನೀ ಚಹದ ಅಂಗಡಿಗೆ ಹೋದರೂ ದಾ ಹೋಂಗ್ ಪಾವ್ ಸಿಗುತ್ತದೆ. ನಮ್ಮಲ್ಲಿ ಸರ್ವಜ್ಞನಿಗೆ ಆದದ್ದೂ ಇದೇ ಅಲ್ಲವೆ? ಚುರುಕಾದ ತ್ರಿಪದಿ ಯಾವುದಿದ್ದರೂ ಅದರ ಕೊನೆಗೆ ಅವನ ಅಂಕಿತ ಬಿದ್ದುಹೋಗಿದೆ. ಯಾವುದು ಅವನದು, ಯಾವುದು ಅನಂತರದವರದು ಎಂದು ಸಂಪಾದಕರು ತಲೆ ಕೆಡಿಸಿಕೊಳ್ಳಬೇಕಾಗಿದೆ. ಪೇಟೆಯ ದಾ ಹೋಂಗ್ ಪಾವ್ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಮೂಲ ಗಿಡದ ಕೊನೆಯಿಂದ ಬೆಳೆಸಿದ ಗಿಡಗಳೂ ಉಂಟು. ಆದರೆ ಬಹುಪಾಲು ಸರಕು ಅದೇ ಪರ್ವತದ ಹಲವು ಜಾತಿಯ ಎಲೆಗಳ ಮಿಶ್ರಣ, ಮತ್ತು ಒಳ್ಳೆಯ ಮಿಶ್ರಣವನ್ನು ಕೂಡಿಸುವುದು ಸಣ್ಣ ವಿದ್ಯೆಯೇನೂ ಅಲ್ಲ. 'ಮಿಶ್ರಣ' ಎಂದು ಚೀಟಿಯ ಮೇಲೆ ಬರೆದರೆ ಮಾತು ಮುಗಿಯಿತು. ಚಕ್ರವರ್ತಿಯೊಬ್ಬ ನಿಲುವಂಗಿ ಹೊದಿಸಿದನೆಂಬ ಕಥೆಯನ್ನು ಬರೆದರೆ ಮುಗಿಯಲಿಲ್ಲ. ನನ್ನ ಸಲಹೆ: ಅಲ್ಲಿಯ ಷ್ವೇಶಿಯೆನ್ ಎಂಬ ಸಾಮಾನ್ಯ ಜಾತಿಯನ್ನು, ಇದ್ದಿಲ ಕೆಂಡದಲ್ಲಿ ಹದವಾಗಿ ಕಾಯಿಸಿದುದನ್ನು ಇಡು. ಹಲಗೆಯ ಮೇಲಿನ ಸದ್ದು ಕಡಮೆಯಾಗುತ್ತದೆ, ಬಟ್ಟಲಿನಲ್ಲಿ ಏನೂ ಕಡಮೆಯಾಗುವುದಿಲ್ಲ.

ಅದೇ ಫುಜಿಯೆನ್ನಿನ ಆನ್‌ಶಿಯ ತಿಯೆಗ್ವಾನ್‌ಯಿನ್ ವಿಷಯದಲ್ಲಿ ನನಗೆ ಸ್ವಲ್ಪ ಹಟವಿದೆಯೆಂದೇ ಒಪ್ಪುತ್ತೇನೆ. ಹಿಂದೆ ಅದನ್ನು ಚೆನ್ನಾಗಿ ಕಂದಿಸಿ, ಕೆಂಡದಲ್ಲಿ ಕಾಯಿಸಿ ಮಾಡುತ್ತಿದ್ದರು. ಕಳೆದ ಶತಮಾನದ ಕೊನೆಯ ದಶಕದಿಂದ ಹಸಿರಾಗಿಯೇ ಉಳಿಸಿ, ಹೂವಿನಂತೆ ಗಮ್ಮೆನ್ನುವ ಹೊಸ ಹದವೊಂದು ಹಬ್ಬಿತು. ಮೊದಲ ಮೂಸುವಿಕೆಗೆ ಅದು ಮನಸ್ಸನ್ನು ಗೆಲ್ಲುತ್ತದೆ. ಕೆಲವು ತಿಂಗಳಲ್ಲಿ ಬಾಡುತ್ತದೆ. ತಣ್ಣಗೆ ಇಡದಿದ್ದರೆ ಇನ್ನೂ ಬೇಗ. ಪೇಟೆ ಅದರ ಹಿಂದೆ ಓಡಿತು. ಪೇಟೆ ಓಡಿದ ಕಡೆ ಬೆಳೆಗಾರನೂ ಓಡಬೇಕಷ್ಟೆ. ಕೆಂಡದ ಮುಂದೆ ಇರುಳುಗಟ್ಟಲೆ ಕುಳಿತು ಎಲೆಯ ವಾಸನೆಯಿಂದಲೇ ಹದ ಹೇಳಬಲ್ಲ ಮನುಷ್ಯನ ವಿದ್ಯೆಗೆ ಬೆಲೆ ಇಳಿಯಿತು. ಸಿಂಗಪುರಕ್ಕೆ ಹಡಗೇರಿ ಬಂದ ಫುಜಿಯೆನ್ನಿನ ಕೂಲಿಗಾರರೂ ವರ್ತಕರೂ ಕುಡಿಯುತ್ತಿದ್ದುದು ಈ ಕಾಯಿಸಿದ ಊಲೋಂಗನ್ನು. ಆ ಊರಿನ ಮುದುಕರ ನಾಲಗೆಗೆ ಇನ್ನೂ ಅದರ ನೆನಪಿದೆಯೆಂದು ಶಿಷ್ಯನೇ ಬರೆಯುತ್ತಾನೆ. ಅಂದಮೇಲೆ ಅಲ್ಲಿಯ ಅಂಗಡಿಯಲ್ಲಿ ಇರಬೇಕಾದುದು ಯಾವುದು? ಸಂಕಲನಕ್ಕೆ ಓದುಗರ ಊರೂ ಒಂದು ಪ್ರಮಾಣ. 2022ರಲ್ಲಿ ಯುನೆಸ್ಕೊ ಸಂಸ್ಥೆ ಚೀನದ ಸಾಂಪ್ರದಾಯಿಕ ಚಹ ತಯಾರಿಕೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ಕೆಂಡ ಕಾಯಿಸುವವನ ಒಲೆ ಉರಿಯುವುದು ಪಟ್ಟಿಯಿಂದಲ್ಲ. ವರ್ಷಕ್ಕೆ ಇಪ್ಪತ್ತು ಕಿಲೋ ತಪ್ಪದೆ ಕೊಳ್ಳುವ ನಾಲ್ಕು ಅಂಗಡಿಗಳಿಂದ.

ಊಲೋಂಗಿನಲ್ಲಿ ಮೂರನೆಯದು ಗ್ವಾಂಗ್‌ದೋಂಗ್ ಪ್ರಾಂತ್ಯದ ಚಾವ್‌ಝೌ ಕಡೆಯ ದಾನ್‌ಚೋಂಗ್. ಇದರ ಒಂದೊಂದು ಗಿಡದ ಬಗೆಗೂ ಒಂದೊಂದು ಪರಿಮಳದ ಹೆಸರು: ಜೇನು-ಆರ್ಕಿಡ್ಡು, ಗಾರ್ಡೀನಿಯಾ, ಹೀಗೆ. ಇವುಗಳಲ್ಲಿ ಅತಿ ಜನಪ್ರಿಯವಾದುದರ ಹೆಸರು 'ಬಾತಿನ ಹಿಕ್ಕೆಯ ಪರಿಮಳ' ಎಂದರೆ ವಾಚಕರು ನಂಬಲಾರರು. ಒಳ್ಳೆಯ ಗಿಡದ ಮೇಲೆ ನೆರೆಯವರ ಕಣ್ಣು ಬೀಳದಿರಲೆಂದು ಒಡೆಯನೇ ಕೆಟ್ಟ ಹೆಸರಿಟ್ಟನೆಂದು ಕಥೆ. ದೃಷ್ಟಿಬೊಟ್ಟಿಡುವ ನಾಡಿನವರಾದ ನಮಗೆ ಇದರ ಅರ್ಥವಾಗುವುದು ಕಷ್ಟವಲ್ಲ. 2014ರಲ್ಲಿ ಅದಕ್ಕೆ 'ಬೆಳ್ಳಿಹೂವಿನ ಪರಿಮಳ' ಎಂಬ ಸಭ್ಯ ಹೆಸರನ್ನು ಅಧಿಕೃತವಾಗಿ ಕೊಟ್ಟರು. ಜನ ಹಳೆಯದನ್ನೇ ಹಿಡಿದಿದ್ದಾರೆ. ಶಿಷ್ಯನೂ ಹಳೆಯ ಹೆಸರನ್ನೇ ಬರೆಯಲಿ. ಇದರಲ್ಲಾದರೂ ಹೆಸರು ಸರಕಿಗಿಂತ ದೊಡ್ಡದಾಗುವ ಭಯವಿಲ್ಲ.

ಬಿಳಿಯ ಚಹಕ್ಕೆ ಹೆಚ್ಚು ಮಾತು ಬೇಡ. ಹುರಿಯದೆ ಹೊಸೆಯದೆ ಬಾಡಿಸಿ ಒಣಗಿಸಿದ ಎಲೆ. ಫುದಿಂಗ್ ಕಡೆಯ ಬಾಯ್‌ಮುದಾನ್ ಒಂದು ಸಾಕು. ಹಳೆಯದಾದಷ್ಟೂ ಔಷಧವಾಗುತ್ತದೆಂಬ ಪೇಟೆಯ ಗಾದೆಯೊಂದರಿಂದಾಗಿ ಹೊಸ ಎಲೆಗೆ ಹಳೆಯ ವರ್ಷದ ಚೀಟಿ ಅಂಟಿಸುವವರು ಹೆಚ್ಚಾಗಿದ್ದಾರೆ. ವರ್ಷ ಖಚಿತವಿಲ್ಲದ ಹಳೆಯದನ್ನು ಕೊಳ್ಳಬಾರದು. ಹಳದಿ ಚಹವನ್ನು ಪಟ್ಟಿಯಿಂದ ಹೊಡೆದುಹಾಕಿಸಿದೆ. ಹುರಿದ ಎಲೆಯನ್ನು ಸುತ್ತಿ ಮುಚ್ಚಿಟ್ಟು ಮೆಲ್ಲಗೆ ಹಳದಿಯಾಗಿಸುವ ಆ ಹದ ನಿಧಾನದ್ದು. ಆ ನಿಧಾನವನ್ನು ಬಿಟ್ಟು ಹಸಿರನ್ನೇ ಹಳದಿಯೆಂದು ಮಾರುವುದು ಸಾಮಾನ್ಯ. ಮಾಡಿದವನನ್ನೇ ಬಲ್ಲವನಾದರೆ ತರಿಸಲಿ. ಆರು ಜಾತಿಯೂ ಇರಬೇಕೆಂಬ ವ್ಯಾಕರಣದ ಆಸೆಗಾಗಿ ಬೇಡ.

ಕೆಂಪು ಚಹದಲ್ಲಿ ಮೂರು. ಅನ್‌ಹ್ವೇಯ ಚೀಮೆನ್, ನಮ್ಮಲ್ಲಿ ಕೀಮುನ್ ಎಂದು ಹೆಸರಾದುದು, ಯುನ್ನಾನಿನ ದಿಯೆನ್‌ಹೋಂಗ್, ವೂಯಿ ಪರ್ವತದ ಮೇಲ್ಭಾಗದ ಥೋಂಗ್‌ಮು ಹಳ್ಳಿಯ, ಪೈನ್ ಕಟ್ಟಿಗೆಯ ಹೊಗೆ ಹಿಡಿಸಿದ ಷಿಯಾವ್‌ಝೋಂಗ್. ಕೊನೆಯದರ ಹಳ್ಳಿಯಲ್ಲೇ 2005ರಲ್ಲಿ ಕುಡಿಯನ್ನಷ್ಟೇ ಬಳಸಿ ಜಿನ್ ಜುನ್ ಮೇ ಎಂಬ ಹೊಸ ಚಹವನ್ನು ಮಾಡಿದರು. ಬೆಲೆ ಆಕಾಶಕ್ಕೇರಿತು, ಕೆಲವೇ ವರ್ಷಗಳಲ್ಲಿ ಎಲ್ಲೆಲ್ಲಿಯ ಕುಡಿಯೂ ಜಿನ್ ಜುನ್ ಮೇ ಆಯಿತು. ಶಿಷ್ಯನ ಪಟ್ಟಿಯಲ್ಲಿ ಅದರದೇ ನಾಲ್ಕು ಮಟ್ಟಗಳಿದ್ದವು, ಕಿಟಕಿಯ ಮುಂದಿನ ಸಾಲಿನಲ್ಲಿ, ಚಿನ್ನದ ಬಣ್ಣದ ಪೆಟ್ಟಿಗೆಗಳಲ್ಲಿ. ಉಡುಗೊರೆಯ ಪೆಟ್ಟಿಗೆಯನ್ನು ಕೊಳ್ಳುವವನು ಅದನ್ನು ಕುಡಿಯುವವನಲ್ಲ, ಕುಡಿಯುವವನು ಅದನ್ನು ಕೊಂಡವನಲ್ಲ. ಹಾಗಾಗಿ ಒಳಗಿನದನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಸಾಲಿನಲ್ಲಿ ದಿಯೆನ್‌ಹೋಂಗ್ ಇರಲಿ ಎಂದೆ. ಯುದ್ಧಕಾಲದಲ್ಲಿ, 1930ರ ದಶಕದ ಕೊನೆಯಲ್ಲಿ, ಪೂರ್ವದ ಪ್ರಾಂತ್ಯಗಳು ಜಪಾನೀಯರ ಕೈಸೇರಿದಾಗ ಯುನ್ನಾನಿನ ಫೆಂಗ್‌ಚಿಂಗ್‌ನಲ್ಲಿ ಹೊಸದಾಗಿ ಕಟ್ಟಿದ ಕೈಗಾರಿಕೆಯ ಫಲ ಅದು. ನಮ್ಮ ಅಸ್ಸಾಮಿನ ಎಲೆಯ ದಾಯಾದಿಯಾದರೂ ಹಾಲು ಸಕ್ಕರೆಗಳ ಹಂಗಿಲ್ಲದೆ ಸಿಹಿಯಾಗಿರುತ್ತದೆ. ಭಾರತೀಯ ಗಿರಾಕಿಗೆ ಚೀನೀ ಚಹದ ಬಾಗಿಲು ತೆರೆಯಲು ಇದಕ್ಕಿಂತ ಸುಲಭವಾದ ಕೀಲಿಕೈ ಇಲ್ಲ.

ಉಳಿದುದು ಪು-ಎರ್. ಇದರ ಮಾತೆತ್ತಲು ನನಗೆ ಅಂಜಿಕೆ. ಇದರಷ್ಟು ಬಂಡವಾಳವನ್ನು ನುಂಗಿದ ಎಲೆ ಬೇರೊಂದಿಲ್ಲ. ಯುನ್ನಾನಿನ ದೊಡ್ಡೆಲೆಯನ್ನು ಬಿಸಿಲಿನಲ್ಲಿ ಒಣಗಿಸಿ, ಹಬೆ ಹಿಡಿಸಿ, 357 ಗ್ರಾಂ ತೂಕದ ಬಿಲ್ಲೆಗಳಾಗಿ ಒತ್ತುತ್ತಾರೆ. ಏಳು ಬಿಲ್ಲೆಗೆ ಒಂದು ಕಟ್ಟು. ಹಸಿಯದು ವರ್ಷಗಟ್ಟಲೆ ಮಾಗಬೇಕು. ಆ ಕಾಯುವಿಕೆಯನ್ನು ತಪ್ಪಿಸಲು ತೇವದ ರಾಶಿಯಲ್ಲಿ ಎಲೆಯನ್ನು ಹುದುಗಿಸುವ 'ಬೆಂದ' ಪು-ಎರನ್ನು 1973ರಲ್ಲಿ ಕುನ್‌ಮಿಂಗ್ ಕಾರ್ಖಾನೆಯಲ್ಲಿ ರೂಪಿಸಿದರು. ಮಾಗಿದಷ್ಟೂ ಬೆಲೆಯೇರುವ ವಸ್ತು ಕುಡಿಯುವ ವಸ್ತುವಾಗಿ ಎಷ್ಟು ಕಾಲ ಉಳಿದೀತು? ಬೆಲೆ ಹಲವು ಪಟ್ಟು ಏರಿ, 2007ರಲ್ಲಿ ಒಮ್ಮೆಗೇ ಕುಸಿಯಿತು. ಕೈತುಂಬ ಬಿಲ್ಲೆಗಳಿದ್ದೂ ಕೊಳ್ಳುವವರಿಲ್ಲದೆ ವರ್ತಕರು ಕುಳಿತರು. ಏರಿದ ಬೆಲೆಯನ್ನು ನಂಬಿದ ಬೆಳೆಗಾರರು ಇನ್ನೂ ಹೆಚ್ಚು ಪಾಡುಪಟ್ಟರು. ಈಗಿನ ಮಾಯೆ ಹಳ್ಳಿಯ ಹೆಸರುಗಳದು. ಲಾವ್‌ಬಾನ್‌ಝಾಂಗ್, ಬಿಂಗ್‌ದಾವ್ ಎಂಬ ಪುಟ್ಟ ಹಳ್ಳಿಗಳ ಹಳೆಮರದ ಎಲೆಯೆಂದು ಮಾರಾಟವಾಗುವುದೆಲ್ಲ ಅಲ್ಲಿ ಬೆಳೆಯುವುದಾಗಿದ್ದರೆ ಆ ಹಳ್ಳಿಗಳು ಜಿಲ್ಲೆಗಳಷ್ಟು ದೊಡ್ಡದಾಗಿರಬೇಕಿತ್ತು.

ಹೊಸ ಅಂಗಡಿಯವನು ಈ ಆಟಕ್ಕೆ ಇಳಿಯಬಾರದು. ಮೆಂಗ್‌ಹಾಯ್ ಕಾರ್ಖಾನೆಯ 7542ರಂಥ ಗೊತ್ತಾದ ಪಾಕವೊಂದು ಹಸಿಯದರಲ್ಲಿ ಇರಲಿ. ಈ ಅಂಕಿಯಲ್ಲಿ ಒಂದು ಪ್ರಾಮಾಣಿಕತೆಯಿದೆ: 75 ಪಾಕ ಹುಟ್ಟಿದ ವರ್ಷ, 4 ಎಲೆಯ ದರ್ಜೆ, 2 ಕಾರ್ಖಾನೆಯ ಗುರುತು. ಪರ್ವತದ ಮಂಜೂ ಇಲ್ಲ, ಸಾವಿರ ವರ್ಷದ ಮರವೂ ಇಲ್ಲ. ಬೆಂದದ್ದು ಒಂದು, ಕೊನೆಗೆ ಗ್ವಾಂಗ್‌ಶಿಯ ಲ್ಯೂಬಾವ್ ಒಂದು. ಮಲಯದ ತವರದ ಗಣಿಗಳಲ್ಲಿ ದುಡಿದ ಚೀನೀ ಕೂಲಿಗಳ ಪಾನೀಯ ಈ ಲ್ಯೂಬಾವ್. ಅದಕ್ಕೆ ಹೆಸರು ತಂದವರು ಅರಸರಲ್ಲ, ಗಣಿಯ ಆಳುಗಳು. ಸಿಂಗಪುರದ ಬಿಸಿ ತೇವಗಳಲ್ಲಿ ಹಸಿರು ಚಹ ಸಾಯುವುದಾದರೆ ಇದು ಹಿತವಾಗಿ ಮಾಗುತ್ತದೆ. ಮುಗ್ಗಲು ಹಿಡಿಯದಂತೆ ನೋಡಿಕೊಂಡರಾಯಿತು. ಆದರೆ ಇದನ್ನೂ ಹೊಗೆಯ ಷಿಯಾವ್‌ಝೋಂಗನ್ನೂ ಉಳಿದ ಡಬ್ಬಿಗಳಿಂದ ದೂರವಿಡಬೇಕು. ಚಹದೆಲೆ ನೆರೆಯವರ ವಾಸನೆಯನ್ನೆಲ್ಲ ಹೀರಿಕೊಳ್ಳುವ ಜಾತಿ.

ಆಯ್ಕೆಗೆ ರುಚಿ ನೋಡುವ ರೀತಿಯ ಬಗ್ಗೆ ಒಂದು ಮಾತು. ಸಗಟು ಪೇಟೆಯಲ್ಲಿ, ಗ್ವಾಂಗ್‌ಝೌನ ಫಾಂಗ್‌ಚುನ್‌ನಲ್ಲೋ ಬೀಜಿಂಗಿನ ಮಾಲಿಯೆನ್‌ದಾವ್ ಬೀದಿಯಲ್ಲೋ, ವರ್ತಕನು ಪುಟ್ಟ ಕುಡಿಕೆಯಲ್ಲಿ ಕ್ಷಣಮಾತ್ರ ನೀರು ನಿಲ್ಲಿಸಿ, ನಯವಾಗಿ ಬಸಿದು, ನಗುತ್ತ ಕೊಡುತ್ತಾನೆ. ಅವನ ಕೈಚಳಕದಲ್ಲಿ ಎಲೆಯ ದೋಷವೆಲ್ಲ ಮುಚ್ಚಿಹೋಗುತ್ತದೆ. ಪರೀಕ್ಷಕರ ಕ್ರಮವೇ ಬೇರೆ: 3 ಗ್ರಾಂ ಎಲೆ, 150 ಮಿಲಿಲೀಟರ್ ಕುದಿನೀರು, ಹಸಿರಾದರೆ ನಾಲ್ಕು ನಿಮಿಷ, ಕೆಂಪಾದರೆ ಐದು. ಈ ಕಠಿಣ ಪರೀಕ್ಷೆಯಲ್ಲಿ ಒಗರು, ಕಮಟು, ಹೊಗೆ, ಹಳಸು ಎಲ್ಲವೂ ಬಾಯಿ ಬಿಡುತ್ತವೆ. ಗಮಕಿಯ ಕಂಠದಲ್ಲಿ ಕೇಳಿದ ಕಾವ್ಯವನ್ನು ಮನೆಗೆ ಬಂದು ಒಬ್ಬನೇ ಕುಳಿತು ಓದಿ ನೋಡುವಂತೆ, ಶಿಷ್ಯನು ಮಾದರಿಯ ಪೊಟ್ಟಣಗಳನ್ನು ತನ್ನ ಊರಿಗೆ ಒಯ್ದು, ತನ್ನ ಊರಿನ ನೀರಿನಲ್ಲಿ, ಚೀಟಿ ಕಾಣದಂತೆ ತಿರುಗಿಸಿಟ್ಟು ಕುಡಿಯಬೇಕು. ಅವನ ಗಿರಾಕಿಗಳು ಕುಡಿಯುವುದು ಆ ನೀರಿನಲ್ಲೇ ತಾನೆ?

ಇಲ್ಲಿಗೆ ಹನ್ನೆರಡಾದುವು. ಉಳಿದೆರಡು ಮಲ್ಲಿಗೆಯವು, ಇವುಗಳ ವಿಷಯದಲ್ಲಿ ನನಗೂ ಶಿಷ್ಯನಿಗೂ ಇನ್ನೂ ವಾದ ನಡೆದಿದೆ. ಹೂ ಬೆರೆಸಿದ ಚಹವನ್ನಿಟ್ಟರೆ ರಸಿಕರು ನಗುತ್ತಾರೆಂಬುದು ಅವನ ಭಯ. ಕೆಟ್ಟ ಎಲೆಗೆ ಅತ್ತರು ಸಿಂಪಡಿಸಿದುದಾದರೆ ನಗಲಿ. ನಿಜವಾದ ಮಲ್ಲಿಗೆ ಚಹದ ಕೆಲಸ ಬೇರೆ. ಬೇಸಗೆಯ ಮಧ್ಯಾಹ್ನ ಬಿರಿಯುವ ಹದದ ಮೊಗ್ಗುಗಳನ್ನು ಬಿಡಿಸಿ ತಂದು, ಇರುಳು ಅವು ಅರಳುವ ಹೊತ್ತಿಗೆ ವಸಂತದ ಹಸಿರೆಲೆಯ ಜೊತೆ ರಾಶಿ ಹಾಕುತ್ತಾರೆ. ಬೆಳಗಾಗುವ ಹೊತ್ತಿಗೆ ಹೂವಿನ ಪರಿಮಳ ಎಲೆಗೆ ಇಳಿದಿರುತ್ತದೆ. ಹೂವನ್ನು ಜರಡಿಯಾಡಿ ತೆಗೆದು, ಎಲೆಯನ್ನು ಒಣಗಿಸಿ, ಮತ್ತೆ ಹೊಸ ಹೂವು. ಒಳ್ಳೆಯ ಎಲೆಗೆ ಹೀಗೆ ಐದಾರು ಸಲವಾದರೂ ಆಗಬೇಕು. ಹಿಂದೆ ಫುಝೌ ಇದಕ್ಕೆ ಹೆಸರಾದ ಊರು. ಈಗ ಮಲ್ಲಿಗೆಯ ದೊಡ್ಡ ಬೆಳೆ ಗ್ವಾಂಗ್‌ಶಿಯ ಹೆಂಗ್‌ಝೌನಲ್ಲಿದೆ. ಈ ಹೂವಿನ ಚೀನೀ ಹೆಸರು 'ಮೋಲಿ'. ಅದು ಸಂಸ್ಕೃತದ 'ಮಲ್ಲಿಕಾ' ಎಂಬುದರ ಚೀನೀ ಉಚ್ಚಾರಣೆ. ಗಿಡವೂ ಹೆಸರೂ ನಮ್ಮ ಕಡೆಯಿಂದಲೇ ಅಲ್ಲಿಗೆ ಹೋದುವು. ನಮ್ಮ ಮಲ್ಲಿಗೆಯ ಹೆಸರು ಹೊತ್ತ ಚಹವನ್ನು ಕನ್ನಡಿಗನೊಬ್ಬ ತನ್ನ ಅಂಗಡಿಯಿಂದ ಹೊರಗಿಡುವುದನ್ನು ನಾನು ಹೇಗೆ ಒಪ್ಪಲಿ?

ಎರಡನೆಯದು ಬೀಜಿಂಗಿನವರು 'ಗಾವ್‌ಮೊ' ಎನ್ನುವುದು. ಮೇಲು ದರ್ಜೆಯ ಮಲ್ಲಿಗೆ ಚಹಗಳನ್ನು ಜರಡಿ ಹಿಡಿದಾಗ ಕೆಳಗೆ ಬೀಳುವ ಚೂರು, ಪುಡಿ. ಎಲೆ ಮುರಿದಿದ್ದರೂ ಪರಿಮಳ ಮುರಿದಿಲ್ಲ, ಬೆಲೆ ಅಗ್ಗ. ಆ ನಗರದ ಹಳೆಯ ಜನ ಇದಕ್ಕಾಗಿ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತಾರೆ. ಅರವತ್ತನಾಲ್ಕರ ಪಟ್ಟಿಯಲ್ಲಿ ದಿನನಿತ್ಯ ಕುಡಿಯಬಹುದಾದ ಅಗ್ಗದ ಚಹ ಒಂದೂ ಇರಲಿಲ್ಲವೆಂಬುದನ್ನು ನಾನು ತೋರಿಸಿದೆ. ಲಾಭ ಕಡಮೆಯೆಂದು ಅವನ ಉತ್ತರ. ತಿಂಗಳಿಗೊಮ್ಮೆ ಉಡುಗೊರೆ ಕೊಳ್ಳಲು ಬರುವವನಿಗಿಂತ ವಾರಕ್ಕೊಮ್ಮೆ ನೂರು ಗ್ರಾಂ ತೂಗಿಸಿಕೊಂಡು ಹೋಗುವವನು ಅಂಗಡಿಯ ಬಾಡಿಗೆಯನ್ನು ಹೆಚ್ಚು ನಿಯತವಾಗಿ ಕಟ್ಟುತ್ತಾನೆಂದು ಮರುಟಪಾಲಿನಲ್ಲಿ ಬರೆದಿದ್ದೇನೆ. ಅದರ ಡಬ್ಬಿಯನ್ನು ತಕ್ಕಡಿಯ ಪಕ್ಕದಲ್ಲೇ, ಕೈಗೆ ಎಟಕುವಲ್ಲಿ ಇಡಬೇಕೆಂದೂ ಸೇರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.